ಎಲೆಕ್ಟ್ರಿಕ್ ಕಾರು ಬೇಡ ಅನ್ನುವವರ ಮಾತನ್ನೂ ಸ್ವಲ್ಪ ಕೇಳಿ

ಸಂಪಾದಕರಿಗೆ ನಮಸ್ಕಾರ.

ಎಲೆಕ್ಟ್ರಿಕ್ ಕಾರಿನ ಮಾತು ಎಲ್ಲೇ ಬಂದರೂ ಕೊನೆಗೆ ಒಂದು ವಾಕ್ಯ ಇದ್ದೇ ಇರುತ್ತದೆ: 'ಜನರಲ್ಲಿ ಅರಿವು ಮೂಡಿಸಬೇಕು.' ವೇದಿಕೆ ಮೇಲಿನವರು ಹೇಳುತ್ತಾರೆ, ಕಾರು ಮಾರುವವರು ಹೇಳುತ್ತಾರೆ, ಟಿ.ವಿ.ಯಲ್ಲಿ ಕೂತ ತಜ್ಞರೂ ಹೇಳುತ್ತಾರೆ. ನಾನು ಹಾಸನದವನು. ಮೂರು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ, ಐವತ್ತು ಸಾವಿರ ಕಿಲೋಮೀಟರ್ ದಾಟಿದೆ. ಈ ಮೂರು ವರ್ಷದಲ್ಲಿ ನನ್ನ ಕಾರು ನೋಡಿ, ಕೂತು, ಓಡಿಸಿ, ಇಷ್ಟಪಟ್ಟು, ಕೊನೆಗೆ ಪೆಟ್ರೋಲ್ ಕಾರನ್ನೇ ಮನೆಗೆ ತಂದವರು ಎಷ್ಟೋ ಜನ. ಅವರಲ್ಲಿ ಒಬ್ಬರಿಗೂ ಅರಿವು ಕಮ್ಮಿ ಇರಲಿಲ್ಲ. ಒಂದು ಯೂನಿಟ್ಟಿಗೆ ಎಷ್ಟು ದೂರ ಹೋಗುತ್ತೆ, ಬ್ಯಾಟರಿಗೆ ವಾರಂಟಿ ಎಷ್ಟು ವರ್ಷ, ಎಲ್ಲಾ ಬಾಯಿಪಾಠ. ಬೇಡ ಅಂದದ್ದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಗಟ್ಟಿ ಕಾರಣ ಇತ್ತು. ಆ ಕಾರಣಗಳನ್ನು ಕೂತು ಕೇಳುವವರು ಇಲ್ಲ ಅನ್ನುವ ಬೇಸರಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಕಾರು ನನಗೆ ತುಂಬಾ ಇಷ್ಟ. ಮನೆಯಲ್ಲಿ ಚಾರ್ಜ್ ಮಾಡಿಕೊಂಡರೆ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು ಬೀಳುತ್ತದೆ. ಪೆಟ್ರೋಲ್ ಲೀಟರಿಗೆ ನೂರು ದಾಟಿರುವಾಗ ಹಳೇ ಕಾರಿಗೆ ಏಳು ರೂಪಾಯಿ ಹತ್ತಿರ ಆಗುತ್ತಿತ್ತು. ಆಯಿಲ್ ಬದಲಿಸುವ ತಾಪತ್ರಯ ಇಲ್ಲ, ಗೇರು ಕ್ಲಚ್ಚಿನ ಕಾಟ ಇಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಕಾರು ತಾನೇ ನಿಧಾನವಾಗುತ್ತಾ ಕರೆಂಟು ಮಾಡಿಕೊಳ್ಳುತ್ತದೆ. ಗುಂಡ್ಯ ತಲುಪುವಷ್ಟರಲ್ಲಿ ಬ್ಯಾಟರಿ ಎರಡು ಮೂರು ಪರ್ಸೆಂಟ್ ಏರಿರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಮಗಳು ಸಂಖ್ಯೆ ಏರುವುದನ್ನೇ ಜೋರಾಗಿ ಓದುತ್ತಾ ಕೂತಿದ್ದಳು. ಇಂಥ ಕಾರನ್ನು ಜಾಸ್ತಿ ಜನ ಕೊಳ್ಳಲಿ ಅಂತಲೇ ನನ್ನ ಆಸೆ. ಆದರೆ ದೇಶದಲ್ಲಿ 2024-25ರಲ್ಲಿ ಮಾರಾಟವಾದ ಕಾರುಗಳಲ್ಲಿ ಎಲೆಕ್ಟ್ರಿಕ್ ಪಾಲು ನೂರಕ್ಕೆ ಮೂರೂ ಇರಲಿಲ್ಲ. ಯಾಕೆ ಅನ್ನುವುದು ಒಂದೇ ರಾತ್ರಿಯಲ್ಲಿ ನನಗೆ ಅರ್ಥವಾಯಿತು.

ಹೋದ ವರ್ಷದ ಮಾತು. ಅಮ್ಮನ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿ ಎರಡು ದಿನ ಅಕ್ಕನ ಮನೆಯಲ್ಲಿದ್ದೆವು. ಅಕ್ಕ ಭಾವ ಇರುವುದು ಅರವತ್ತು ಮನೆಗಳ ಅಪಾರ್ಟ್‌ಮೆಂಟಿನಲ್ಲಿ. ಕೆಳಗೆ ನೆಲಮಾಳಿಗೆಯಲ್ಲಿ ಭಾವನ ಪಾರ್ಕಿಂಗ್ ಜಾಗ ಇದೆ, ಪಕ್ಕದ ಕಂಬದಲ್ಲೇ ಪ್ಲಗ್ ಪಾಯಿಂಟೂ ಇದೆ, ಆದರೆ ಅದರಲ್ಲಿ ಕಾರು ಚಾರ್ಜ್ ಮಾಡುವ ಹಾಗಿಲ್ಲ ಅಂತ ಅಸೋಸಿಯೇಷನ್ ನೋಟಿಸು ಅಂಟಿಸಿದೆ. ಹಾಗಾಗಿ ವಾಪಸ್ ಹೊರಟಾಗ ಬ್ಯಾಟರಿ ಇದ್ದದ್ದು 62 ಪರ್ಸೆಂಟ್. ನನ್ನ ಕಾರಿನದು ಮೂವತ್ತು ಯೂನಿಟ್ಟಿನ ಬ್ಯಾಟರಿ. ಕಂಪನಿ ಕಾಗದದಲ್ಲಿ ಒಂದು ಚಾರ್ಜಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಅಂತಿದೆ. ಎ.ಸಿ. ಹಾಕಿಕೊಂಡು ಹೆದ್ದಾರಿಯಲ್ಲಿ ಹೋದರೆ ಇನ್ನೂರು ಬರುವುದೇ ಹೆಚ್ಚು. ದಾರಿಯಲ್ಲಿ ಯಡಿಯೂರಿನ ಹತ್ತಿರ ಫಾಸ್ಟ್ ಚಾರ್ಜರ್ ಇತ್ತು, ಆ್ಯಪ್‌ನಲ್ಲಿ ಹಸಿರು ಗುರುತು ತೋರಿಸುತ್ತಿತ್ತು, ಅದನ್ನು ನಂಬಿ ಸಂಜೆ ಆರಕ್ಕೆ ಹೊರಟೆವು. ನೆಲಮಂಗಲ ದಾಟುವಷ್ಟರಲ್ಲೇ ಒಂದು ಗಂಟೆ ಹಿಡಿಯಿತು.

ಹೋಗಿ ನೋಡಿದರೆ ಚಾರ್ಜರಿನ ಪರದೆ ಕಪ್ಪಗಿತ್ತು. ಬಿಳಿ ಹಾಳೆ ಮೇಲೆ ಪೆನ್ನಿನಲ್ಲಿ 'ರಿಪೇರಿ' ಅಂತ ಬರೆದು ಟೇಪು ಹಚ್ಚಿದ್ದರು. ಮಳೆಗೆ ನೆನೆದು ಅಕ್ಷರವೆಲ್ಲ ಇಳಿದು ಹೋಗಿತ್ತು, ಅಂದರೆ ಅದನ್ನು ಅಂಟಿಸಿ ಬಹಳ ದಿನ ಆಗಿತ್ತು. ಫೋನ್ ನಂಬರಿಗೆ ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ, ಆಮೇಲೆ ಹಾಡು. ಮುಂದಿನ ಚಾರ್ಜರ್ ಇದ್ದದ್ದು ಬೆಳ್ಳೂರು ಕ್ರಾಸ್ ದಾಟಿ. ಎ.ಸಿ. ಆರಿಸಿ, ಕಿಟಕಿ ಇಳಿಸಿ, ಐವತ್ತರ ವೇಗದಲ್ಲಿ ಎಡಗಡೆ ಅಂಚಿನಲ್ಲೇ ಹೋದೆ. ಹಿಂದಿನಿಂದ ಲಾರಿಯವರು ಹಾರನ್ ಹೊಡೆಯುತ್ತಿದ್ದರು. ಅಲ್ಲಿ ಚಾರ್ಜರಿಗೆ ಜೀವ ಇತ್ತು, ಆದರೆ ಅದಕ್ಕೆ ಬೇರೆ ಆ್ಯಪ್ ಬೇಕು. ಇಳಿಸಿಕೊಂಡೆ, ಒಟಿಪಿ ಬರಲಿಲ್ಲ, ಬಂತು, ವ್ಯಾಲೆಟ್ಟಿಗೆ ಮೊದಲೇ ದುಡ್ಡು ಹಾಕಬೇಕು ಅಂದಿತು, ಹಾಕಿದೆ. ಗನ್ ಅಂದರೆ ಚಾರ್ಜರಿನ ದಪ್ಪ ಪ್ಲಗ್, ಅದನ್ನು ಕಾರಿಗೆ ಚುಚ್ಚಿದೆ, ನಾಲ್ಕು ನಿಮಿಷ ಓಡಿ ಟಪ್ ಅಂತ ನಿಂತಿತು. ಮತ್ತೆ ಚುಚ್ಚಿದರೆ ಕೆಂಪು ದೀಪ. ಆಗ ಬ್ಯಾಟರಿ 9 ಪರ್ಸೆಂಟ್, ಹಾಸನ ಇನ್ನೂ ಎಂಬತ್ತು ಕಿಲೋಮೀಟರ್ ಹತ್ತಿರ.

ಪಕ್ಕದಲ್ಲೇ ಒಂದು ಸಣ್ಣ ಹೋಟೆಲ್ ಇತ್ತು, ಬಾಗಿಲು ಹಾಕುವ ಹೊತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ, ಎಂಟಕ್ಕೆಲ್ಲ ಊಟ ಮಾಡಿ ಮಾತ್ರೆ ನುಂಗಬೇಕಿತ್ತು, ಗಂಟೆ ಒಂಬತ್ತೂವರೆ. ಉಳಿದಿದ್ದ ಎರಡು ಇಡ್ಲಿ ಕೊಟ್ಟರು. ವಿಷಯ ಹೇಳಿದ ಮೇಲೆ ಅಡುಗೆಯವರು ನನ್ನನ್ನು ಹಿಂದಿನ ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಮರುದಿನದ ಇಡ್ಲಿಗೆ ಗ್ರೈಂಡರಿನಲ್ಲಿ ಉದ್ದು ತಿರುಗುತ್ತಿತ್ತು. 'ಇದೊಂದೇ ಸಾರ್ ದೊಡ್ಡ ಪಾಯಿಂಟು ಇರೋದು, ಇನ್ನೊಂದು ಹತ್ತು ನಿಮಿಷ, ರುಬ್ಬಿ ಮುಗೀಲಿ, ಆಮೇಲೆ ಹಾಕ್ಕೊಳಿ' ಅಂದರು. ಗ್ರೈಂಡರ್ ನಿಂತಿತು, ಹಿಟ್ಟು ಬಳಿದು ಪಾತ್ರೆಗೆ ಹಾಕಿದರು, ಕೈ ಒರೆಸಿಕೊಂಡು ಪ್ಲಗ್ ಕಿತ್ತು ಜಾಗ ಬಿಟ್ಟರು. ಕಾರನ್ನು ಹಿಂದಕ್ಕೆ ತಂದು ನನ್ನ ಕೇಬಲ್ ಹಾಕಿದೆ. ಮನೆಯ ಹದಿನೈದು ಆಂಪಿಯರ್ ಪಾಯಿಂಟಿನಲ್ಲಿ ಗಂಟೆಗೆ ಮೂರು ಯೂನಿಟ್ ಹೋಗುತ್ತದೆ ಅಷ್ಟೆ, ಅಂದರೆ ಒಂದು ಗಂಟೆ ಕೂತರೆ ಇಪ್ಪತ್ತು ಕಿಲೋಮೀಟರ್. ಎರಡು ಗಂಟೆ ಕೂತೆವು. ಅಮ್ಮ ಸೆರಗು ತಲೆ ಮೇಲೆ ಹೊದ್ದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಗಳು ಹಿಂದಿನ ಸೀಟಿನಲ್ಲಿ. ಅಡುಗೆಯವರು ನಮಗಾಗಿ ಮಲಗದೆ ಕಾದರು, ದುಡ್ಡು ಕೊಟ್ಟರೆ ಕರೆಂಟಿನದಷ್ಟೇ ತೆಗೆದುಕೊಂಡರು. ಅಷ್ಟು ಚಾರ್ಜಿನಲ್ಲಿ ಚನ್ನರಾಯಪಟ್ಟಣ ತಲುಪಿ, ಅಲ್ಲಿ ಸರಿ ಇದ್ದ ಒಂದು ಚಾರ್ಜರ್ ಸಿಕ್ಕಿ, ಹಾಸನ ಮುಟ್ಟಿದಾಗ ಬೆಳಗಿನ ಜಾವ ಎರಡು ಗಂಟೆ ದಾಟಿತ್ತು.

ಈಗ ಹೇಳಿ, ಇದನ್ನು ಕೇಳಿದ ನನ್ನ ಭಾವ ಎಲೆಕ್ಟ್ರಿಕ್ ಕಾರು ಬೇಡ ಅಂದರೆ ಅದು ಅರಿವಿನ ಕೊರತೆಯಾ?

ಸಾರ್ವಜನಿಕ ಚಾರ್ಜಿಂಗ್ ಕೇಂದ್ರ ದೇಶದಲ್ಲೇ ಅತಿ ಹೆಚ್ಚು ಇರುವುದು ಕರ್ನಾಟಕದಲ್ಲಿ, 2025ರ ಆರಂಭದ ಲೆಕ್ಕದಲ್ಲಿ 5,700ಕ್ಕೂ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲೇ ಇದೆ, ಅದು ಬೇರೆ ಮಾತು. ಹೆದ್ದಾರಿಯಲ್ಲಿ 25 ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕು ಅಂತ ಕೇಂದ್ರ ಸರ್ಕಾರ 2018ರಲ್ಲೇ ಮಾರ್ಗಸೂಚಿ ಬರೆದಿತ್ತು. ಆದರೆ ಈ ಲೆಕ್ಕವೆಲ್ಲ ಎಷ್ಟು ಕಂಬ ನೆಟ್ಟಿದ್ದೇವೆ ಅನ್ನುವುದರದು. ಇವತ್ತು ರಾತ್ರಿ ಎಷ್ಟು ಓಡುತ್ತಿವೆ ಅನ್ನುವ ಲೆಕ್ಕ ಎಲ್ಲೂ ಕಾಣುವುದಿಲ್ಲ. ಕೆಟ್ಟು ನಿಂತ ಚಾರ್ಜರ್ ಇಲ್ಲದ ಚಾರ್ಜರಿಗಿಂತ ಕೆಡುಕು. ಇಲ್ಲ ಅಂತ ಗೊತ್ತಿದ್ದರೆ ನಾನು ನೆಲಮಂಗಲದಲ್ಲೇ ತುಂಬಿಸಿಕೊಳ್ಳುತ್ತಿದ್ದೆ, ಇದೆ ಅಂತ ನಂಬಿದ್ದರಿಂದಲೇ ಅಮ್ಮ ಆ ಕುರ್ಚಿಯಲ್ಲಿ ಕೂರಬೇಕಾಯಿತು.

ಭಾವನ ಅಪಾರ್ಟ್‌ಮೆಂಟಿಗೆ ಬರುತ್ತೇನೆ. ಅಸೋಸಿಯೇಷನ್ನಿನವರು ಕೆಟ್ಟವರೇನಲ್ಲ. 2022ರಲ್ಲಿ ದೇಶದ ಅಲ್ಲಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹತ್ತಿದ ವಿಡಿಯೋಗಳನ್ನು ನೋಡಿ ಹೆದರಿದ್ದಾರೆ. ಮೇಲೆ ಅರವತ್ತು ಸಂಸಾರ ಮಲಗಿರುವಾಗ ಕೆಳಗೆ ರಾತ್ರಿಯೆಲ್ಲ ಚಾರ್ಜ್ ಆಗುವುದು ಬೇಡ ಅನ್ನುತ್ತಾರೆ. ಆ ಘಟನೆಗಳ ನಂತರ ಬ್ಯಾಟರಿ ಸುರಕ್ಷತೆ ನಿಯಮ ಬಿಗಿ ಮಾಡಿದ್ದಾರೆ, ಆ ವರ್ಷ ಡಿಸೆಂಬರಿನಿಂದಲೇ ಜಾರಿಗೆ ತಂದರು. ಇದನ್ನು ಅಪಾರ್ಟ್‌ಮೆಂಟಿಗೆ ಬಂದು ಹೇಳುವವರು ಯಾರು? ಅಗ್ನಿಶಾಮಕದವರೋ ವಿದ್ಯುತ್ ಕಂಪನಿಯವರೋ ಬಂದು ನೆಲಮಾಳಿಗೆ ನೋಡಿ, ಇಲ್ಲಿ ಹಾಕಬಹುದು, ಇಲ್ಲಿ ಬೇಡ, ಲೋಡು ಜಾಸ್ತಿ ಆದರೆ ಕರೆಂಟು ಕಡಿಯುವ ಇಂಥ ಎಂಸಿಬಿ ಸ್ವಿಚ್ಚು ಬೇಕು ಅಂತ ಬರೆದುಕೊಟ್ಟರೆ ಮುಗಿಯಿತು. ಹೊಸ ಕಟ್ಟಡಗಳಲ್ಲಿ ಪಾರ್ಕಿಂಗಿನ ಶೇ 20ರಷ್ಟಕ್ಕೆ ಚಾರ್ಜಿಂಗ್ ಅನುಕೂಲ ಇರಬೇಕು ಅಂತ 2019ರಲ್ಲೇ ಕೇಂದ್ರ ಸರ್ಕಾರ ಕಟ್ಟಡಗಳ ಮಾದರಿ ಬೈಲಾ ತಿದ್ದಿತು. ಹಳೇ ಕಟ್ಟಡದವರು ಏನು ಮಾಡಬೇಕು? 2024ರ ಫೆಬ್ರುವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂತು, ವಾಹನ ಚಾರ್ಜಿಂಗಿಗೆ ಗ್ರಾಹಕರು ಪ್ರತ್ಯೇಕ ಕನೆಕ್ಷನ್ ಕೇಳಬಹುದು ಅಂತ ಅದರಲ್ಲಿದೆ. ಭಾವನಿಗೆ ಇದನ್ನು ತೋರಿಸಿದೆ. 'ಕನೆಕ್ಷನ್ ಕೊಡ್ತಾರೆ ಕಣೋ, ಮೀಟರ್ ರೂಮಿನಿಂದ ನನ್ನ ಪಾರ್ಕಿಂಗ್ ತನಕ ಕೇಬಲ್ ಎಳೆಯೋಕೆ ಇವರು ಬಿಡಬೇಕಲ್ಲ' ಅಂದರು. ಸ್ವಂತ ಮನೆ ಇರುವ ಭಾವನಿಗೇ ಹೀಗೆ. ಬಾಡಿಗೆ ಮನೆಯವರು ಓನರ್ ಹತ್ತಿರ ಹೋಗಿ ಗೋಡೆ ಕೊರೆದು ಪಾಯಿಂಟ್ ಹಾಕಿಸುತ್ತೇನೆ ಅಂತ ಕೇಳುವುದುಂಟಾ? ಬೆಂಗಳೂರಿನಲ್ಲಿ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸುವವರು ಎಷ್ಟು ಲಕ್ಷ ಇದ್ದಾರೋ, ಅವರಿಗೆ ಮೊದಲನೇ ಮಹಡಿಯಿಂದ ವೈರು ಇಳಿಬಿಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಮನೆ ಸ್ವಂತದ್ದು, ಕಾಂಪೌಂಡ್ ಒಳಗೇ ಕಾರು ನಿಲ್ಲುತ್ತದೆ, ಅಂಥವರಿಗೂ ಸಲೀಸಲ್ಲ. ನಮ್ಮದು ಮೂವತ್ತು ವರ್ಷದ ಮನೆ. ಕಾರು ತಂದ ದಿನ ಪ್ಲಗ್ ಹಾಕಿದರೆ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ, ಚಾರ್ಜ್ ಆಗಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದು ನೋಡಿ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಏರ್ಪಾಡು, ಸರಿ ಇಲ್ಲ ಅಂದರು. ಫ್ರಿಜ್ಜು, ಮಿಕ್ಸಿ ಎಲ್ಲಾ ಇಷ್ಟು ವರ್ಷ ಹೇಗೋ ನಡೆದಿತ್ತು. ಕಾರು ಮಾತ್ರ ಅರ್ಥಿಂಗ್ ಸರಿ ಇಲ್ಲದಿದ್ದರೆ ಕರೆಂಟನ್ನೇ ಮುಟ್ಟುವುದಿಲ್ಲ, ಅದು ನಮ್ಮ ಒಳ್ಳೆಯದಕ್ಕೇ. ತೆಂಗಿನ ಮರದ ಹತ್ತಿರ ಗುಂಡಿ ತೋಡಿ, ಪೈಪು ಇಳಿಸಿ, ಉಪ್ಪು ಒಂದು ಪದರ ಇದ್ದಿಲು ಒಂದು ಪದರ ತುಂಬಿದರು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಒಂದು ಕೊಡ ನೀರು ಹಾಕುತ್ತೇವೆ. ಇದೆಲ್ಲ ಶೋರೂಮಿನಲ್ಲಿ ಮೊದಲೇ ಯಾರೂ ಹೇಳಲಿಲ್ಲ. ಸಕಲೇಶಪುರದ ಕಡೆ ತೋಟ ಇರುವ ನನ್ನ ಸ್ನೇಹಿತರ ಮನೆಯಲ್ಲಿ ಅರ್ಥಿಂಗ್ ಸರಿ ಇದೆ, ಆದರೆ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟೇ ಇರುವುದಿಲ್ಲ. ಅಂಥ ಹೊತ್ತಿನಲ್ಲೇ ಅಲ್ವಾ ಆಸ್ಪತ್ರೆಗೆ ಓಡಬೇಕಾಗಿ ಬರುವುದು, ಅಂತ ಅವರು ಜೀಪನ್ನೇ ಇಟ್ಟುಕೊಂಡಿದ್ದಾರೆ.

ಇನ್ನೊಂದು ವಿಷಯ, ಇದನ್ನು ನಮ್ಮ ಬೀದಿಯ ಒಬ್ಬರು ಹೇಳುವವರೆಗೆ ನನಗೂ ಹೊಳೆದಿರಲಿಲ್ಲ. ಅವರ ಮನೆಗೆ ಗೃಹಜ್ಯೋತಿ ಇದೆ. ತಿಂಗಳಿಗೆ ನೂರು ಯೂನಿಟ್ ಚಿಲ್ಲರೆ ಬರುತ್ತದೆ, ಬಿಲ್ಲು ಸೊನ್ನೆ. ಕಾರು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದರೆ ನೂರೈವತ್ತು ಯೂನಿಟ್ ಬೇಕು. ಎರಡೂ ಸೇರಿ ಇನ್ನೂರು ದಾಟಿತು, ದಾಟಿದ ಮೇಲೆ ಪೂರ್ತಿ ಬಿಲ್ಲು ಕಟ್ಟಬೇಕು. ಅಂದರೆ ಕಾರಿನ ಕರೆಂಟಿನ ಜೊತೆಗೆ ಇಷ್ಟು ದಿನ ಪುಕ್ಕಟೆ ಬರುತ್ತಿದ್ದ ಮನೆ ಕರೆಂಟಿನ ದುಡ್ಡೂ ಕಾರಿನ ಲೆಕ್ಕಕ್ಕೇ ಸೇರಿತು. ಅವರು ಹತ್ತು ಲಕ್ಷದ ಒಳಗಿನ ಕಾರು ನೋಡುತ್ತಿದ್ದ ಮನುಷ್ಯ, ಈ ಲೆಕ್ಕ ಅವರಿಗೆ ಸಣ್ಣದಲ್ಲ. ಕಾರಿಗೆ ಪ್ರತ್ಯೇಕ ಮೀಟರ್ ಹಾಕಿಸಿದರೆ ಈ ತೊಂದರೆ ತಪ್ಪುತ್ತದೆ. ಅದನ್ನು ಕಾರು ಕೊಂಡ ದಿನವೇ, ಒಂದೇ ಅರ್ಜಿಯಲ್ಲಿ, ವಾರದೊಳಗೆ ಕೊಡುವ ಏರ್ಪಾಡು ಮಾಡಿದರೆ ಎಷ್ಟು ಚೆನ್ನಾಗಿರುತ್ತೆ.

ದುಡ್ಡಿನ ಮಾತಿಗೆ ಬಂದರೆ, ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5 ಮಾತ್ರ, 2019ರಿಂದ ಹಾಗೇ ಇದೆ, ಒಳ್ಳೆಯದು. ಆದರೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಮೊದಲೇ ಇದ್ದ ಬೆಲೆಯ ಅಂತರ ಇನ್ನೂ ಅಗಲವಾಯಿತು. ಸಾರ್ವಜನಿಕ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ ಆಸುಪಾಸು ತೆಗೆದುಕೊಂಡು ಅದರ ಮೇಲೆ ಶೇ 18 ಜಿಎಸ್‌ಟಿ ಹಾಕುತ್ತಾರೆ. ಕಾರಿಗೆ ಐದು, ಕಾರಿನ ಊಟಕ್ಕೆ ಹದಿನೆಂಟು. ಮನೆಯಲ್ಲಿ ಪಾಯಿಂಟ್ ಇರುವ ನನ್ನಂಥವನಿಗೆ ಕಿಲೋಮೀಟರಿಗೆ ಒಂದು ರೂಪಾಯಿ, ಪಾಯಿಂಟ್ ಇಲ್ಲದ ಬಾಡಿಗೆ ಮನೆಯವರಿಗೆ ಮೂರೂವರೆ. ಉಳಿತಾಯ ಯಾರಿಗೆ ಜಾಸ್ತಿ ಬೇಕಿತ್ತೋ ಅವರಿಗೇ ಸಿಗುತ್ತಿಲ್ಲ.

ಹಳೇ ಕಾರಿನ ಬೆಲೆ ಇನ್ನೊಂದು ದೊಡ್ಡ ಚಿಂತೆ. ನಮ್ಮಲ್ಲಿ ಕಾರು ಕೊಳ್ಳುವಾಗಲೇ ಮಾರಿದರೆ ಎಷ್ಟು ಬರುತ್ತೆ ಅಂತ ಕೇಳುತ್ತೇವೆ. ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇರುತ್ತದೆ. ಈಚೆಗೆ ಕೆಲವು ಕಂಪನಿಗಳು ಜೀವನಪೂರ್ತಿ ಅಂತಲೂ ಕೊಡುತ್ತಿವೆ, ಆದರೆ ಸಣ್ಣ ಅಕ್ಷರದಲ್ಲಿ 'ಮೊದಲ ಮಾಲೀಕರಿಗೆ' ಅಂತಿರುತ್ತದೆ. ಹಾಗಾದರೆ ಎರಡನೆಯವರು ಯಾವ ಧೈರ್ಯದ ಮೇಲೆ ಕೊಳ್ಳಬೇಕು? ಪೆಟ್ರೋಲ್ ಕಾರಾದರೆ ಮೇಸ್ತ್ರಿ ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿಸಿ, ಸೈಲೆನ್ಸರಿಗೆ ಕೈ ಹಿಡಿದು ಹೇಳಿಬಿಡುತ್ತಾರೆ. ಬ್ಯಾಟರಿ ಒಳಗೆ ಎಷ್ಟು ಜೀವ ಉಳಿದಿದೆ ಅಂತ ಹೊರಗಿನಿಂದ ಯಾರಿಗೂ ಕಾಣದು. ಕಾರಿನ ಕಂಪ್ಯೂಟರಿಗೆ ಅದು ಗೊತ್ತಿರುತ್ತದೆ. ಆರ್‌ಟಿಒದಲ್ಲಿ ಹೆಸರು ಬದಲಿಸುವಾಗ ಹೊಗೆ ತಪಾಸಣೆ ಚೀಟಿ ಕೇಳುವ ಹಾಗೆ ಬ್ಯಾಟರಿ ಆರೋಗ್ಯದ ಚೀಟಿಯನ್ನೂ ಕಡ್ಡಾಯ ಮಾಡಲಿ. ಕೊಳ್ಳುವವರಿಗೂ ಧೈರ್ಯ, ಮಾರುವವರಿಗೂ ಬೆಲೆ. ಗ್ಯಾರೇಜಿನವರು ಬಾನೆಟ್ ಕೆಳಗಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್ ನೋಡಿದರೆ ಹಿಂದೆ ಸರಿಯುತ್ತಾರೆ, ಅದರಲ್ಲಿ ನೂರಾರು ವೋಲ್ಟ್ ಇರುವುದರಿಂದ ಅವರ ಭಯ ಸರಿಯೇ. ಐಟಿಐಗಳಲ್ಲಿ ಸಂಜೆ ಹೊತ್ತು ಅವರಿಗೆ ತರಬೇತಿ ಕೊಡಬಾರದೇ.

ಹಳದಿ ಬೋರ್ಡಿನ ನಮ್ಮೂರ ಡ್ರೈವರ್ ಒಬ್ಬರನ್ನು ಕೇಳಿದೆ, ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸುವ ನಿಮಗೇ ಅಲ್ವಾ ಜಾಸ್ತಿ ಲಾಭ ಅಂತ. ಅವರು ಹೇಳಿದ್ದು ಇಷ್ಟು: 'ಸಾರ್, ಪಾರ್ಟಿ ಬೆಳಗ್ಗೆ ಫೋನ್ ಮಾಡಿ ಅರ್ಧ ಗಂಟೇಲಿ ಮಂಗಳೂರಿಗೆ ಹೊರಡಬೇಕು ಅಂತಾರೆ. ದಾರೀಲಿ ಚಾರ್ಜರ್ ಕೆಟ್ಟಿದ್ರೆ ನಿಮ್ಮದು ಮನೆಯವರ ಹತ್ರ ನಡೆಯುತ್ತೆ. ನನಗೆ ಆ ಪಾರ್ಟಿ ಮತ್ತೆ ಫೋನ್ ಮಾಡಲ್ಲ.' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇಸರ ಆಗುವುದು ಯಾಕೆಂದರೆ, ಈ ವಿಷಯದಲ್ಲಿ ನಾವು ಹಿಂದೆ ಬಿದ್ದವರಲ್ಲ. ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರು ಮಾರಾಟಕ್ಕೆ ಬಂದದ್ದು 2001ರಲ್ಲಿ, ಅದು ಲಂಡನ್ನಿನ ಬೀದಿಗಳಲ್ಲೂ ಓಡಿತು. ಎಲೆಕ್ಟ್ರಿಕ್ ವಾಹನಕ್ಕೆ ಅಂತಲೇ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಅದೇ ಬ್ರಿಟನ್ನಿನಲ್ಲಿ 2023ರಲ್ಲಿ ಚಾರ್ಜರ್‌ಗಳಿಗೆ ಕಾನೂನು ತಂದರು. ಫಾಸ್ಟ್ ಚಾರ್ಜರ್ ಜಾಲ ವರ್ಷದ ಸರಾಸರಿಯಲ್ಲಿ ಶೇ 99ರಷ್ಟು ಹೊತ್ತು ಓಡುತ್ತಿರಬೇಕು, ದಿನದ 24 ಗಂಟೆಯೂ ಸಹಾಯವಾಣಿ ಇರಬೇಕು, ಆ್ಯಪ್ ಇಲ್ಲದೆ ಕಾರ್ಡು ಮುಟ್ಟಿಸಿ ದುಡ್ಡು ಕೊಡುವಂತಿರಬೇಕು ಅಂತ. ನಮಗೂ ಬೇಕಾದದ್ದು ಇಷ್ಟೇ. ರಸ್ತೆ ಬದಿಯ ಎಳನೀರಿಗೆ ಯುಪಿಐ ಮಾಡಿ ಕುಡಿಯುತ್ತೇವೆ, ಕರೆಂಟಿಗೆ ಯಾಕೆ ಎಂಟು ಆ್ಯಪು, ಎಂಟು ವ್ಯಾಲೆಟ್ಟು? ಎಲೆಕ್ಟ್ರಿಕ್ ವಾಹನಗಳಿಗೆ ಅಂತ ಕೇಂದ್ರ ಸರ್ಕಾರ ತಂದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಆ ದುಡ್ಡಿನಲ್ಲಿ ಒಂದು ಚಾರ್ಜರ್ ನೆಟ್ಟವರು ಅದನ್ನು ಐದು ವರ್ಷ ಓಡಿಸಿ ತೋರಿಸಬೇಕು, ನಿಂತ ದಿನಕ್ಕೆ ದಂಡ ಕಟ್ಟಬೇಕು, ಫೋನ್ ಎತ್ತುವವರು ಕನ್ನಡದಲ್ಲಿ ಮಾತಾಡಬೇಕು ಅಂತ ಷರತ್ತು ಹಾಕುವುದು ಅಷ್ಟು ಕಷ್ಟವಾ? ಖಾಸಗಿ ಕಾರಿಗೆ ಇನ್ನಷ್ಟು ಸಬ್ಸಿಡಿ ಕೊಡಿ ಅಂತ ನಾನು ಕೇಳುತ್ತಿಲ್ಲ. ಇರುವ ಚಾರ್ಜರ್ ಓಡಲಿ.

ನಿಮ್ಮ ಪತ್ರಿಕೆಗೆ ತಾಲ್ಲೂಕು ತಾಲ್ಲೂಕಿನಲ್ಲೂ ವರದಿಗಾರರಿದ್ದಾರೆ. ಒಂದು ದಿನ, ಎಲ್ಲರೂ ತಮ್ಮ ತಾಲ್ಲೂಕಿನ ಚಾರ್ಜರ್‌ಗಳ ಹತ್ತಿರ ಹೋಗಿ ಗನ್ ಎತ್ತಿ ನೋಡಿ, ಯಾವುದು ಓಡುತ್ತಿದೆ, ಯಾವುದು ನಿಂತಿದೆ ಅಂತ ಬರೆದು ಕಳುಹಿಸಿದರೆ ಅದನ್ನು ಒಂದು ಪುಟದಲ್ಲಿ ಹಾಕಿ. ಸುಮ್ನೆ ಹೇಳುತ್ತಿಲ್ಲ. ನೆಲಮಂಗಲದಿಂದ ಹಾಸನದವರೆಗಿನ ಪಟ್ಟಿ ನನ್ನ ಹತ್ತಿರ ದಿನಾಂಕದ ಸಮೇತ ಇದೆ, ಫೋಟೋಗಳೂ ಇವೆ. ನೀವು ಬರೆದು ತಿಳಿಸಿದರೆ ಅದೇ ದಿನ ಕಳುಹಿಸುತ್ತೇನೆ.

ಇಂತಿ,
ನಿಮ್ಮ ಓದುಗ
ಹಾಸನ